ಸೊಸೆಯ ತಿಂಗಳಿಗೊಂದು ಸಂಜೆ



ಈ ಪಕ್ಷ ಬಂದ ಪತ್ರಗಳಲ್ಲಿ ಒಂದು ಉಳಿದವುಗಳಂತಲ್ಲ. ಹುಳಿಪುಡಿ ಮುಗ್ಗಲು ಹಿಡಿಯದ ಹಾಗೆ ಇಡುವುದು ಹೇಗೆ, ಹಾಲು ಕಂಡರೆ ಓಡುವ ಮಗುವಿಗೆ ಏನು ಕೊಡುವುದು, ಮಾತು ಬಿಟ್ಟ ನಾದಿನಿಯನ್ನು ಹಬ್ಬಕ್ಕೆ ಕರೆಯುವುದು ಹೇಗೆ ಎಂಬ ಪತ್ರಗಳು ಇದ್ದೇ ಇವೆ. ಅವಕ್ಕೆಲ್ಲ ಮುಂದಿನ ಸಲ ಉತ್ತರ ಕೊಡೋಣ. ಈ ಸಲ ಬೆಂಗಳೂರಿನ ಹಿರಿಯ ಓದುಗರೊಬ್ಬರ ಪತ್ರ ತೆಗೆದುಕೊಳ್ಳುತ್ತೇನೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರು ಬರೆದದ್ದರ ಸಾರ ಇದು:

"ನನ್ನ ಸೊಸೆ ಒಂದು ಕಂಪನಿಯ ಕಾಂಟ್ರ್ಯಾಕ್ಟ್ ವಿಭಾಗದಲ್ಲಿ ಕೆಲಸ ಮಾಡ್ತಾಳೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರೋದು. ಅದಕ್ಕೆ ನನ್ನ ತಕರಾರಿಲ್ಲ. ಆರು ತಿಂಗಳಿಂದ ಅದ್ಯಾವುದೋ ಸಂಘ ಸೇರಿಕೊಂಡಿದ್ದಾಳೆ. ತಿಂಗಳಿಗೊಂದು ಶನಿವಾರ ಸಂಜೆ ಸಭೆ ಅಂತ ಹೋಗಿ ರಾತ್ರಿ ಒಂಬತ್ತಕ್ಕೆ ಬರ್ತಾಳೆ. ತನ್ನ ಸಂಬಳದಿಂದಲೇ ಚಂದಾ ಕಟ್ಟಿದ್ದಾಳೆ. ಈಗ ಅವರ ಪರೀಕ್ಷೆಗೂ ಕೂತ್ಕೋತೀನಿ ಅಂತಾಳೆ. ಎಂ.ಕಾಂ. ಆಗಿದೆ, ಕೆಲಸ ಇದೆ, ಐದು ವರ್ಷದ ಮಗು ಇದೆ. ಇನ್ನೇನು ಕಲಿಯೋದಿದೆ? ಕಲಿಯಲೇಬೇಕಾದರೆ ಕಂಪನಿಯವರೇ ಕಲಿಸಲಿ. ಮಗ ನನ್ನ ಮುಖ ನೋಡ್ತಾನೆ, ಅವಳ ಮುಖ ನೋಡ್ತಾನೆ, ಸುಮ್ಮನಾಗ್ತಾನೆ. ನಾನು ಬೇಡ ಅಂದರೆ ನಿಲ್ಲಿಸ್ತಾಳೆ, ಅಷ್ಟು ಮರ್ಯಾದೆ ಇದೆ ಅವಳಿಗೆ. ಬೇಡ ಅನ್ನಲೋ, ಬಿಡಲೋ?"

ಕೊನೆಯ ಎರಡು ವಾಕ್ಯ ಓದಿ ಈ ಪುಟ ಪೂರ್ತಿ ಇದಕ್ಕೇ ಇರಲಿ ಎಂದುಕೊಂಡೆ. ಒಂದು ಮಾತಿಗೆ ಒಬ್ಬ ಹೆಣ್ಣುಮಗಳ ಓದು ನಿಲ್ಲುತ್ತದೆ ಎಂದ ಮೇಲೆ, ಆ ಮಾತು ಆಡುವ ಮೊದಲು ಅವಳು ಮಾಡುವ ಕೆಲಸ ಏನು, ಆ ಸಂಜೆಯಿಂದ ಅವಳಿಗೆ ಸಿಗುವುದೇನು ಎಂದು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ? ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಸಂಸಾರಕ್ಕೆ ಬಂದವಳು. ನನ್ನ ಅಕ್ಕನ ಮಗಳು ಇದೇ ಕೆಲಸದಲ್ಲಿದ್ದಾಳೆ. ಅವಳನ್ನು ಎರಡು ಭಾನುವಾರ ಕೂರಿಸಿಕೊಂಡು ಕೇಳಿ, ಅವಳು ಕೊಟ್ಟ ಪುಸ್ತಕಗಳನ್ನೂ ನೋಡಿ ಇದನ್ನು ಬರೆಯುತ್ತಿದ್ದೇನೆ.

ಇದು ನಮಗೆ ಗೊತ್ತಿಲ್ಲದ ಕೆಲಸವೇ?

ಕಾಂಟ್ರ್ಯಾಕ್ಟ್ ಎಂದ ಕೂಡಲೇ ನಮಗೆ ರಸ್ತೆ ಕಂಟ್ರಾಕ್ಟರು ನೆನಪಾಗುತ್ತಾರೆ. ಇಲ್ಲಿ ಅರ್ಥ ಅದಲ್ಲ. ಕರಾರು ಎನ್ನಿ, ಒಪ್ಪಂದ ಎನ್ನಿ. ಒಂದು ಕಂಪನಿ ಇನ್ನೊಂದರಿಂದ ಸಾಮಾನು ಕೊಳ್ಳುತ್ತದೆ ಅಥವಾ ಕೆಲಸ ಮಾಡಿಸಿಕೊಳ್ಳುತ್ತದೆ. ಏನು, ಎಷ್ಟು, ಯಾವ ಗುಣಮಟ್ಟ, ಯಾವ ದಿನಕ್ಕೆ, ಎಷ್ಟು ಹಣ, ತಪ್ಪಿದರೆ ಏನು ಎಂಬುದನ್ನೆಲ್ಲ ಬರೆದಿಡುತ್ತಾರೆ. ಆ ಬರಹವನ್ನು ತಯಾರು ಮಾಡುವುದು, ಸಹಿ ಆದ ಮೇಲೆ ಬರೆದ ಹಾಗೆಯೇ ನಡೆಯುತ್ತಿದೆಯೇ ಎಂದು ಕೊನೆಯವರೆಗೂ ಕಾಯುವುದು ಈ ವಿಭಾಗದ ಕೆಲಸ.

ಮನೆಯಲ್ಲಿ ಮದುವೆ ಮಾಡಿದ ಯಾವ ಗೃಹಿಣಿಗೆ ಇದು ಗೊತ್ತಿಲ್ಲ ಹೇಳಿ? ಅಡುಗೆ ಭಟ್ಟರನ್ನು ಹುಡುಕುವಾಗ ನಾಲ್ಕು ಮನೆಯಲ್ಲಿ ವಿಚಾರಿಸುತ್ತೇವೆ. ಎಲೆಗೆ ಇಷ್ಟು ಎಂದು ದರ ಕೇಳುತ್ತೇವೆ. ಆಮೇಲೆ ಕೂತು ಮಾತಾಡುತ್ತೇವೆ: ಎಷ್ಟು ಎಲೆ, ಎಷ್ಟು ಪಲ್ಯ, ಹೋಳಿಗೆಗೆ ತುಪ್ಪ ಯಾರದು, ಬಡಿಸುವವರು ಎಷ್ಟು ಜನ, ಪಾತ್ರೆ ತೊಳೆಯುವವರು ಯಾರ ಕಡೆ. ಮದುವೆ ದಿನ ಒಬ್ಬರು ನಂಬಿಕಸ್ಥರನ್ನು ಎಲೆ ಎಣಿಸಲು ನಿಲ್ಲಿಸುತ್ತೇವೆ. 400 ಎಲೆ ಎಂದು ಮಾತಾಗಿ 360 ಜನ ಬಂದರೆ ಮಿಕ್ಕ 40 ಎಲೆಯ ಹಣ ಯಾರದು? 430 ಜನ ಬಂದು ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಹೋದರೆ ಅದರ ಹೊಣೆ ಯಾರದು? ಇದನ್ನು ಮೊದಲೇ ಮಾತಾಡಿಕೊಂಡ ಮನೆಯಲ್ಲಿ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಮಾತಾಡದ ಮನೆಯಲ್ಲಿ ಬೀಗರ ಮುಂದೆಯೇ ಜಗಳ.

ಅಮೆರಿಕದ ಕರಾರು ಕೆಲಸದವರ ಸಂಘವೊಂದು ಈ ಕೆಲಸಕ್ಕೆ ಒಂದು ಅಳತೆಗೋಲು ಬರೆದಿಟ್ಟಿದೆ. ಅದರಲ್ಲಿ ಇಡೀ ಕೆಲಸವನ್ನು ಮೂರು ಹಂತ ಮಾಡಿದ್ದಾರೆ: ಕರಾರು ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ. ಓದಿದಾಗ ನನಗೆ ನಗು ಬಂತು. ಭಟ್ಟರನ್ನು ಹುಡುಕುವುದು, ವೀಳ್ಯ ಕೊಡುವುದು, ಎಲೆ ಎಣಿಸುವುದು, ಅಷ್ಟೇ ತಾನೆ! ವ್ಯತ್ಯಾಸ ಒಂದೇ. ನಮ್ಮಲ್ಲಿ ಹೆಚ್ಚೆಂದರೆ ಪಾಯಸ ಸಾಲದೆ ಹೋಗುತ್ತದೆ. ಅವರಲ್ಲಿ ಒಂದು ಸಾಲು ತಪ್ಪಿದರೆ ಕಾರ್ಖಾನೆ ನಿಲ್ಲುತ್ತದೆ, ಹತ್ತಾರು ಮನೆಯ ಸಂಬಳ ನಿಲ್ಲುತ್ತದೆ.

ಹಿಟ್ಟಿನ ಗಿರಣಿಯ ಕಥೆ

ಈ ಕೆಲಸದವರೆಲ್ಲ ಮೊದಲಿಗೆ ಕಲಿಯುವ ಒಂದು ಕಥೆ ಇದೆ. ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಉಗಿಯಂತ್ರದ ಒಂದು ದಂಡ ಮುರಿಯಿತು. ಹೊಸದನ್ನು ಮಾಡಲು ಹಳೆಯದೇ ಮಾದರಿ. ಅದನ್ನು ದೂರದ ಗ್ರೀನಿಚ್‌ಗೆ ತಲುಪಿಸಲು ಒಂದು ಸಾಗಣೆ ಕಂಪನಿಗೆ ಒಪ್ಪಿಸಿದರು. ಅವರು ತಡ ಮಾಡಿದರು. ಅಷ್ಟು ದಿನ ಗಿರಣಿ ನಿಂತೇ ಇತ್ತು. ಗಿರಣಿಯವರು "ನಮ್ಮ ಲಾಭ ಹೋಯಿತು, ಕಟ್ಟಿಕೊಡಿ" ಎಂದು ದಾವೆ ಹಾಕಿದರು. 1854ರಲ್ಲಿ ತೀರ್ಪು ಬಂತು: ಗಿರಣಿಗಳಲ್ಲಿ ಇನ್ನೊಂದು ದಂಡ ಇಟ್ಟಿರಲೂಬಹುದು. ಇದು ತಡವಾದರೆ ಗಿರಣಿಯೇ ನಿಲ್ಲುತ್ತದೆ ಎಂಬ ವಿಶೇಷ ಸಂಗತಿ ಸಾಗಣೆಯವರಿಗೆ ತಿಳಿದಿರಲಿಲ್ಲ. ಆದ್ದರಿಂದ ಆ ಲಾಭವನ್ನು ಅವರು ಕಟ್ಟಿಕೊಡಬೇಕಿಲ್ಲ.

ನಮ್ಮ ದೇಶದ ಕರಾರು ಕಾಯ್ದೆ 1872ರದು. ಇಂದಿಗೂ ಅದೇ ನಡೆಯುತ್ತಿದೆ. ಅದರ 73ನೇ ಕಲಮಿನಲ್ಲಿ ಇದೇ ನೀತಿ ಇದೆ, ಗಿರಣಿಯ ಉದಾಹರಣೆಯೂ ಇದೆ. "ನನ್ನ ಗಿರಣಿ ಇದಕ್ಕಾಗಿ ನಿಂತಿದೆ" ಎಂದು ಮೊದಲೇ ತಿಳಿಸಿದ್ದರೆ, ನಿಂತ ದಿನಗಳ ಸರಾಸರಿ ಲಾಭ ಸಿಗುತ್ತದೆ. ಆದರೆ ಆ ತಡದಿಂದ ಕೈತಪ್ಪಿದ ಸರ್ಕಾರಿ ಕಂಟ್ರಾಕ್ಟಿನ ನಷ್ಟ ಸಿಗುವುದಿಲ್ಲ. ಅದನ್ನು ತಿಳಿಸಿರಲಿಲ್ಲವಲ್ಲ!

ದರ್ಜಿಗೆ ರವಿಕೆ ಕೊಡುವಾಗ "ಬೇಗ ಕೊಡಪ್ಪ" ಎನ್ನುವುದಕ್ಕೂ "ಶುಕ್ರವಾರ ಬೆಳಿಗ್ಗೆ ಮುಹೂರ್ತ, ಗುರುವಾರ ಸಂಜೆಗೆ ಬೇಕೇ ಬೇಕು" ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಆಡದೆ ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕೆ ಬೆಲೆ ಇಲ್ಲ. ಮುಂದೆ ಏನೇನು ತೊಂದರೆ ಬರಬಹುದು ಎಂದು ಯೋಚಿಸಿ ಮೊದಲೇ ಬರೆಸುವುದೇ ನಿಮ್ಮ ಸೊಸೆಯ ವಿದ್ಯೆ.

ಎಂ.ಕಾಂ. ಆದ ಮೇಲೂ ಕಲಿಯುವುದೇನು?

ಪತ್ರ ಬರೆದ ಅಮ್ಮನವರ ಮುಖ್ಯ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. 1872ರ ಕಾಯ್ದೆ ಹಳೆಯದೇನೋ ಸರಿ, ಅದರ ಸುತ್ತಲಿನ ಕಾಯ್ದೆ, ಕಟ್ಟಳೆಗಳು ಬದಲಾಗುತ್ತಲೇ ಇವೆ. ಈಚಿನ ಕೆಲವು ದಶಕಗಳಲ್ಲಿ ಆದದ್ದನ್ನೇ ನೋಡಿ.

ಕರ್ನಾಟಕ ಸರ್ಕಾರದ ಖರೀದಿಗೆ ಸಾಮಾನ್ಯವಾಗಿ ಬಹಿರಂಗ ಟೆಂಡರಿನ ಕ್ರಮ ಇರಬೇಕೆಂದು 1999ರ ಕಾಯ್ದೆ ಬಂತು. 2006ರಲ್ಲಿ ಸಣ್ಣ ಉದ್ದಿಮೆಗಳ ಕಾಯ್ದೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ತನ್ನ ಖರೀದಿಗೆಂದೇ ಕಂಪ್ಯೂಟರಿನಲ್ಲಿ ಒಂದು ಮಾರುಕಟ್ಟೆ ತೆರೆಯಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂತು. ಅಂದು ನಡೆಯುತ್ತಿದ್ದ ಕರಾರುಗಳಲ್ಲಿ ತೆರಿಗೆಯ ಲೆಕ್ಕವನ್ನೆಲ್ಲ ಮತ್ತೆ ನೋಡಬೇಕಾಯಿತು. 2018ರಲ್ಲಿ ಇನ್ನೊಂದು ಸಂಗತಿ ಸೇರಿತು, ಇದನ್ನು ನಾವು ಹೆಂಗಸರು ವಿಶೇಷವಾಗಿ ನೆನಪಿಡಬೇಕು. ಕೇಂದ್ರ ಸರ್ಕಾರದ ಇಲಾಖೆಗಳೂ ಕಾರ್ಖಾನೆಗಳೂ ವರ್ಷದ ಖರೀದಿಯಲ್ಲಿ ಶೇಕಡಾ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು, ಅದರೊಳಗೆ ಶೇಕಡಾ 3 ಮಹಿಳೆಯರ ಉದ್ದಿಮೆಗಳಿಂದ ಇರಬೇಕು ಎಂದು ಗೊತ್ತುಪಡಿಸಿದರು. ಯಾವ ಉದ್ದಿಮೆ ಸಣ್ಣದು ಎನ್ನುವ ಮಿತಿಯೂ 2025ರ ಏಪ್ರಿಲ್ 1ರಿಂದ ಬದಲಾಗಿದೆ.

ಕಾಲೇಜು ಬಿಟ್ಟ ವರ್ಷದ ಪುಸ್ತಕದಲ್ಲಿ ಇವೆಲ್ಲ ಇರಲು ಸಾಧ್ಯವೇ? ನಮ್ಮ ಅಜ್ಜಿ ಕಲಿಸಿದ ಸಾರು ಇಂದಿಗೂ ಸಾರೇ. ಆದರೆ ಸೌದೆ ಒಲೆ ಹೋಗಿ ಸೀಮೆಎಣ್ಣೆ ಸ್ಟೌ ಬಂತು, ಗ್ಯಾಸ್ ಬಂತು, ಕುಕ್ಕರ್ ಬಂತು. ಎಷ್ಟು ಕೂಗಿಗೆ ಬೇಳೆ ಬೇಯುತ್ತದೆ ಎಂದು ನಾವೂ ಪಕ್ಕದ ಮನೆಯವರನ್ನು ಕೇಳಿಯೇ ಕಲಿತೆವು.

ಸಂಘದಲ್ಲಿ ಏನು ನಡೆಯುತ್ತದೆ?

ಸೊಸೆ ಸೇರಿದ ಸಂಘ ಯಾವುದೆಂದು ಪತ್ರದಲ್ಲಿಲ್ಲ. ಇಂಥ ಸಂಘಗಳ ರೂಢಿಯನ್ನಂತೂ ಹೇಳಬಲ್ಲೆ.

ಇಂಗ್ಲೆಂಡಿನಲ್ಲಿ ಖರೀದಿ ಕೆಲಸದವರ ಸಂಘ 1932ರಲ್ಲೇ ಹುಟ್ಟಿತು. ಅಮೆರಿಕದಲ್ಲಿ ಕರಾರು ಕೆಲಸದವರ ರಾಷ್ಟ್ರೀಯ ಸಂಘ 1959ರದು. ಮೂರು ಹಂತ ಎಂದು ಮೇಲೆ ಹೇಳಿದ್ದು ಇವರದೇ. ಅಲ್ಲಿ ಬೇರೆ ಬೇರೆ ಊರುಗಳಲ್ಲಿ ಅದಕ್ಕೆ ಸ್ಥಳೀಯ ಶಾಖೆಗಳಿವೆ, ಚಾಪ್ಟರ್ ಎನ್ನುತ್ತಾರೆ. ಆಯಾ ಊರಿನ ಸದಸ್ಯರೇ ಸೇರಿ ಉಪನ್ಯಾಸ ಏರ್ಪಡಿಸುತ್ತಾರೆ, ಪರೀಕ್ಷೆಗೆ ಕೂರುವವರು ಗುಂಪಾಗಿ ಓದುತ್ತಾರೆ. ಪರೀಕ್ಷೆ ಪಾಸಾದರೂ ಮುಗಿಯಲಿಲ್ಲ. ಕೆಲವು ವರ್ಷಕ್ಕೊಮ್ಮೆ "ಇಷ್ಟು ತಾಸು ಹೊಸದಾಗಿ ಕಲಿತಿದ್ದೇನೆ" ಎಂದು ತೋರಿಸಿದರೆ ಮಾತ್ರ ಆ ಪ್ರಮಾಣಪತ್ರ ಮುಂದುವರಿಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್. ಖರೀದಿ, ಸ್ಟೋರ್ಸ್, ಸಾಗಣೆ, ಕರಾರು ಈ ಕೆಲಸದವರ ಸಂಸ್ಥೆ. ಮೊದಲು ಎರಡು ಸಂಘಗಳಿದ್ದು 1975ರಲ್ಲಿ ಒಂದಾದವು. ಹಲವು ಊರುಗಳಲ್ಲಿ ಶಾಖೆಗಳಿವೆ, ಬೆಂಗಳೂರಿನಲ್ಲೂ ಇದೆ. ಡಿಪ್ಲೊಮಾ ಪರೀಕ್ಷೆಗಳನ್ನು ನಡೆಸುತ್ತದೆ, ತನ್ನದೇ ಮಾಸಪತ್ರಿಕೆ ತರುತ್ತದೆ, ಏಪ್ರಿಲ್ 23ನ್ನು ಈ ಕೆಲಸದವರ ದಿನವೆಂದು ಆಚರಿಸುತ್ತದೆ.

ಬೆಂಗಳೂರಿನಲ್ಲಿ ಇಂಥ ಶಾಖೆಗೆ ಕೆಲಸ ಇರುವುದು ಸಹಜವೇ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಎಲ್ಲ 1940ರಿಂದ 1954ರೊಳಗೆ ಹುಟ್ಟಿದವು. ಅಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ರಾಜಾಜಿನಗರ, ಪೀಣ್ಯದಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳು ಬೆಳೆದವು. ಕೊಡುವವರೂ ಕೊಳ್ಳುವವರೂ ಇಷ್ಟು ಜನ ಒಂದೇ ಊರಿನಲ್ಲಿ ಇದ್ದ ಮೇಲೆ ಕರಾರುಗಳಿಗೇನು ಕಡಿಮೆ?

ಸರಿ, ಆ ಸಂಜೆ ನಡೆಯುವುದೇನು? ಅಕ್ಕನ ಮಗಳು ಹೇಳಿದಂತೆ ಮೊದಲ ಒಂದು ಗಂಟೆ ಯಾರಾದರೂ ಅನುಭವಸ್ಥರ ಉಪನ್ಯಾಸ. ಹೊಸ ಕಾಯ್ದೆ ಬಂದಿದ್ದರೆ ಅದರ ವಿವರಣೆ. ಆಮೇಲೆ ಪ್ರಶ್ನೆಗಳು. ಕೆಲವು ಸಲ ಕಾರ್ಖಾನೆ ನೋಡಲು ಕರೆದೊಯ್ಯುತ್ತಾರೆ. ಪರೀಕ್ಷೆ ಹತ್ತಿರವಾದಾಗ ಹಿರಿಯರು ಕಿರಿಯರಿಗೆ ಪಾಠ ಹೇಳಿಕೊಡುತ್ತಾರೆ. ಕೊನೆಗೆ ಕಾಫಿ, ಬಿಸ್ಕತ್ತು.

"ಚಿಕ್ಕಮ್ಮ, ಉಪನ್ಯಾಸಕ್ಕಿಂತ ಕಾಫಿ ಹೊತ್ತಿನಲ್ಲೇ ನಾನು ಹೆಚ್ಚು ಕಲಿತದ್ದು" ಅಂದಳು. 2020ರ ಕೊರೋನಾದ ನಂತರ ಎಷ್ಟೋ ಉಪನ್ಯಾಸಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಕೇಳಬಹುದು. ಹಾಗಿದ್ದ ಮೇಲೆ ಹೋಗುವುದೇಕೆ ಎಂದು ನಾನೂ ಕೇಳಿದೆ. ಅದಕ್ಕೆ ಅವಳು ತನ್ನದೇ ಒಂದು ಸಂಗತಿ ಹೇಳಿದಳು.

ಕಾಫಿ ಹೊತ್ತಿನ ಪಾಠ

ಅವಳಿರುವುದು ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕದಲ್ಲಿ. ಯಜಮಾನತಿ ಒಬ್ಬ ಹೆಂಗಸು. ಉಜ್ಜಿ ಹೊಳಪು ಕೊಡುವ ಕೆಲಸಕ್ಕೆ ಹನ್ನೊಂದು ಜನ ಹೆಂಗಸರಿದ್ದಾರೆ. ಒಂದು ದೊಡ್ಡ ಕಂಪನಿಗೆ ಮಾಲು ಕಳಿಸಿ ಏಳು ತಿಂಗಳಾದರೂ ಹಣ ಬಂದಿರಲಿಲ್ಲ. ಕೇಳಿದರೆ "ಇನ್ನೊಂದು ವಾರ" ಎನ್ನುವ ಉತ್ತರ. ಕರಾರಿನಲ್ಲೇ 90 ದಿನ ಎಂದು ಬರೆಸಿಕೊಂಡಿದ್ದರು, ಅದೂ ದಾಟಿತ್ತು. ಗಟ್ಟಿಯಾಗಿ ಕೇಳಿದರೆ ಮುಂದಿನ ಆರ್ಡರ್ ತಪ್ಪೀತೆಂಬ ಹೆದರಿಕೆ. ಹನ್ನೊಂದು ಮನೆಯ ಸಂಬಳ ಕೊಡಲು ಯಜಮಾನತಿ ಕೈಬಳೆ ಅಡವಿಟ್ಟಿದ್ದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಳ್ಳಲ್ಲ.

ಆ ತಿಂಗಳ ಸಭೆಯಲ್ಲಿ ಕಾಫಿ ಕುಡಿಯುತ್ತಾ ಇವಳು ಇದನ್ನು ನಿವೃತ್ತ ಸ್ಟೋರ್ಸ್ ಅಧಿಕಾರಿಯೊಬ್ಬರ ಹತ್ತಿರ ಹೇಳಿಕೊಂಡಳು. ಅವರು ಮೂರು ಪ್ರಶ್ನೆ ಕೇಳಿದರಂತೆ. "ನಿಮ್ಮ ಘಟಕ ಸಣ್ಣ ಉದ್ದಿಮೆ ಎಂದು ನೋಂದಣಿ ಆಗಿದೆಯೇನಮ್ಮ? ಮಾಲು ತಲುಪಿದ್ದಕ್ಕೆ ಸಹಿ ಇದೆಯೇ? ತಲುಪಿದ 15 ದಿನದೊಳಗೆ ಮಾಲು ಸರಿಯಿಲ್ಲ ಎಂದು ಅವರು ಬರೆದು ತಿಳಿಸಿದರೇ?" ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ.

"ಹಾಗಾದರೆ ಹೆದರಿಕೆ ಯಾಕೆ? ಕರಾರಿನಲ್ಲಿ 90 ಅಂತ ಇದ್ದರೂ ಕಾಯ್ದೆ 45 ದಿನಕ್ಕೇ ನಿಲ್ಲಿಸುತ್ತೆ" ಎಂದರು.

2006ರ ಕಾಯ್ದೆಯ 15ನೇ ಕಲಮಿನ ಮಾತು ಅದು. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಒಪ್ಪಿಕೊಂಡ ದಿನದಿಂದ 45 ದಿನಕ್ಕಿಂತ ಹೆಚ್ಚು ಕಾಯಿಸುವ ಹಾಗೆ ಬರೆಸಿಕೊಳ್ಳುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕೊಡದಿದ್ದರೆ ದೂರು ಕೇಳಲು ಪ್ರತ್ಯೇಕ ಮಂಡಳಿ ಇದೆ.

ಮರುದಿನ ಇವಳು ಪತ್ರ ಬರೆದಳು. ಜಗಳದ ಪತ್ರವಲ್ಲ. ಆರ್ಡರಿನ ದಿನ, ಮಾಲು ತಲುಪಿದ ದಿನ, 45 ದಿನ ಮುಗಿದ ದಿನ, ಕಾಯ್ದೆಯ ಕಲಮು, ಅಂದಿನವರೆಗಿನ ಬಡ್ಡಿ. ಯಜಮಾನತಿ ಸಹಿ ಹಾಕಿದರು. ಮೂರು ವಾರದಲ್ಲಿ ಅಸಲು ಬಂತು. ಬಡ್ಡಿಗೆ ಯಜಮಾನತಿ ಪಟ್ಟು ಹಿಡಿಯಲಿಲ್ಲ. ಮುಂದಿನ ಆರ್ಡರಿನಲ್ಲಿ 90 ಹೋಗಿ 45 ಬಂತು. ಬಳೆ ಕೈಗೆ ಮರಳಿತು. ಹನ್ನೊಂದು ಜನರ ದೀಪಾವಳಿ ಆಯಿತು.

ಈಗ ಹೇಳಿ, ಆ ಒಂದು ಸಂಜೆಯ ಬೆಲೆ ಎಷ್ಟು? ಕಾಯ್ದೆ ಪುಸ್ತಕದಲ್ಲಿ ಇದ್ದೇ ಇತ್ತು. ಆದರೆ ಇಂಥ ಕಷ್ಟಕ್ಕೆ ಇಂಥ ಪುಟ ತೆರೆಯಬೇಕು ಎಂದು ಹೇಳುವ ಅನುಭವಸ್ಥರು ಎದುರಿಗೆ ಸಿಕ್ಕಿದ್ದು ಸಭೆಯಲ್ಲಿ.

ಕಂಪನಿಯವರೇ ಕಲಿಸಲಿ ಎಂದರೆ?

ಕಲಿಸುವ ಕಂಪನಿಗಳಿವೆ, ಸದಸ್ಯರ ಚಂದಾ ತಾವೇ ಕಟ್ಟುವ ಕಂಪನಿಗಳೂ ಇವೆ. ಸೊಸೆ ಒಮ್ಮೆ ಕೇಳಿ ನೋಡಲಿ, ನಷ್ಟವೇನಿಲ್ಲ. ಆದರೆ ಕಂಪನಿ ಕಲಿಸುವುದು ತನಗೆ ಬೇಕಾದಷ್ಟನ್ನು. ನಾಳೆ ಕಂಪನಿ ಮುಚ್ಚಿದರೆ ಅಥವಾ ಮಗನಿಗೆ ಮೈಸೂರಿಗೆ ವರ್ಗವಾದರೆ ಸೊಸೆಯ ಜೊತೆ ಹೋಗುವುದು ಅವಳು ಪಾಸು ಮಾಡಿದ ಪರೀಕ್ಷೆ ಮತ್ತು ಅವಳನ್ನು ಬಲ್ಲ ಜನ. ಮಗು ಹೆತ್ತು ಎರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಗಂಡಸರು ಸಂಜೆ ಹೊತ್ತು ಹೋಟೆಲಿನಲ್ಲಿ ಕೂತು ಯಾವ ಕಂಪನಿಯಲ್ಲಿ ಜಾಗ ಖಾಲಿ ಇದೆ ಎಂದು ತಿಳಿದುಕೊಳ್ಳುತ್ತಾರೆ. ಕೆಲಸ ಬಿಟ್ಟ ಕೂಡಲೇ ಮಗುವಿನ ಶಾಲೆ, ತರಕಾರಿ ಅಂಗಡಿ ಎಂದು ಓಡುವ ಹೆಂಗಸಿಗೆ ಅದು ತಿಳಿಯುವುದೆಲ್ಲಿ? ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳು 1983ರಲ್ಲಿ ಅವೇಕ್ ಎಂಬ ಸಂಘ ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾದದ್ದು ಇಂಥ ಕಾರಣಕ್ಕೇ.

ಹಾಗೆಂದು ಕಂಡ ಸಂಘಕ್ಕೆಲ್ಲ ದುಡ್ಡು ಸುರಿಯಬೇಕೆಂದಲ್ಲ. ಸೊಸೆಯಂದಿರಿಗೂ ಎರಡು ಮಾತು. ಚಂದಾ ಕಟ್ಟುವ ಮುಂಚೆ ಸಂಘ ಎಷ್ಟು ವರ್ಷದ್ದು, ನೋಂದಣಿ ಆಗಿದೆಯೇ, ವರ್ಷದ ಲೆಕ್ಕ ಸದಸ್ಯರ ಮುಂದಿಡುತ್ತಾರೆಯೇ ನೋಡಿ. ಸದಸ್ಯಳಾಗುವ ಮೊದಲು ಒಂದೆರಡು ಸಭೆಗೆ ಅತಿಥಿಯಾಗಿ ಹೋಗಿ ಬನ್ನಿ. ಅವರ ಪರೀಕ್ಷೆಗೆ ಕೆಲಸದ ಜಾಹೀರಾತುಗಳಲ್ಲಿ ಬೆಲೆ ಇದೆಯೇ ವಿಚಾರಿಸಿ. ಬರೀ ಸನ್ಮಾನ, ಶಾಲು, ಫೋಟೋ ಆಗಿದ್ದರೆ ಆ ಸಂಜೆ ಮಗುವಿನ ಜೊತೆ ಕಳೆಯುವುದೇ ವಾಸಿ.

ಮನೆಯಲ್ಲಿ ಹೊಂದಿಸಿಕೊಳ್ಳುವುದು

ಪತ್ರ ಬರೆದ ಅಮ್ಮನವರೇ, ನಿಮ್ಮ ಕಷ್ಟವನ್ನು ನಾನು ತೆಗೆದುಹಾಕುತ್ತಿಲ್ಲ. ಸೊಸೆ ಹೊರಟ ಸಂಜೆ ಮಗುವನ್ನು ನೋಡುವವರು ನೀವು, ಒಲೆ ಮುಂದೆ ನಿಲ್ಲುವವರೂ ನೀವೇ. ಪತ್ರದಲ್ಲಿ ಹಾಗೆಂದು ನೀವು ಬರೆದಿಲ್ಲ, ಆದರೂ ತಿಳಿಯುತ್ತದೆ. ವಾರವಿಡೀ ಮಗುವನ್ನು ನೋಡಿ ಶನಿವಾರವಾದರೂ ಕಾಲು ಚಾಚೋಣ ಎಂದರೆ ಆಗಲೂ ಆಗದು. ಇದನ್ನು ಬಾಯಿಬಿಟ್ಟು ಹೇಳಿ. ಗಿರಣಿಯವರಂತೆ ಮನಸ್ಸಿನಲ್ಲೇ ಇಟ್ಟುಕೊಂಡರೆ ಯಾರಿಗೆ ತಿಳಿಯಬೇಕು?

ಮೂವರೂ ಕೂತು ಮನೆಯೊಳಗೇ ಒಂದು ಕರಾರು ಮಾಡಿಕೊಳ್ಳಿ. ಸಭೆಯ ದಿನ ಯಾವುದೆಂದು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಆ ಸಂಜೆ ಮಗು ನಿಮ್ಮ ಮಗನ ಪಾಲು, ನಿಮ್ಮದಲ್ಲ. ಎರಡು ಮುಖ ನೋಡಿ ಸುಮ್ಮನಾಗುವ ಬದಲು ಅವನೂ ಒಂದು ಕೆಲಸ ವಹಿಸಿಕೊಳ್ಳಲಿ. ರಾತ್ರಿ ಅಡುಗೆಗೆ ಹೊರಡುವ ಮೊದಲೇ ಸೊಸೆ ಹಿಟ್ಟು ಕಲಸಿಡಲಿ, ಇಲ್ಲವೇ ಆ ದಿನ ಗೊಜ್ಜವಲಕ್ಕಿ ಸಾಕು, ಯಾರೂ ಸೊರಗುವುದಿಲ್ಲ. ಒಂಬತ್ತು ಗಂಟೆಗೆ ಬರುವ ದಾರಿಯ ಚಿಂತೆ ನಿಮಗಿದ್ದರೆ ಅದೂ ನ್ಯಾಯವೇ. ಅದೇ ದಿಕ್ಕಿನ ಇನ್ನೊಬ್ಬ ಸದಸ್ಯೆಯ ಜೊತೆ ಬರಲಿ, ಬಸ್ ಸ್ಟಾಪಿಗೆ ಮಗ ಹೋಗಲಿ. ಪರೀಕ್ಷೆ ಮುಗಿಯುವ ತನಕ ಭಾನುವಾರ ಬೆಳಿಗ್ಗೆ ಎರಡು ಗಂಟೆ ಅವಳನ್ನು ಓದಲು ಬಿಡಿ. ಬದಲಿಗೆ ಇನ್ನೊಂದು ಶನಿವಾರ ಸಂಜೆ ನಿಮಗೆ ಪೂರ್ತಿ ಬಿಡುವು. ದೇವಸ್ಥಾನವೋ, ಅಕ್ಕನ ಮನೆಯೋ, ಎಲ್ಲಿಗಾದರೂ ಹೋಗಿ ಬನ್ನಿ. ಕೊಡುವುದು ಒಂದು ಕಡೆಯೇ ಆದರೆ ಅದು ಕರಾರಲ್ಲ.

ನೀವು ಬೇಡ ಎಂದರೆ ನಿಲ್ಲಿಸುತ್ತಾಳೆ ಎಂದಿರಿ. ನಿಜವಿರಬಹುದು. ನಿಲ್ಲಿಸಿದ ಮೇಲೂ ಬೆಳಿಗ್ಗೆ ಎಂಟಕ್ಕೆ ಹೋಗುತ್ತಾಳೆ, ಏಳಕ್ಕೆ ಬರುತ್ತಾಳೆ, ನಿಮಗೆ ಕಾಫಿ ಕೊಡುತ್ತಾಳೆ. ಏನೂ ಬದಲಾದಂತೆ ಕಾಣುವುದಿಲ್ಲ. ಆದರೆ ಹತ್ತು ವರ್ಷದ ಮೇಲೆ ಅವಳ ಜೊತೆ ಸೇರಿದವರು ವಿಭಾಗದ ಮುಖ್ಯಸ್ಥರಾಗಿ, ಇವಳು ಅದೇ ಮೇಜಿನಲ್ಲಿ ಅದೇ ಬಿಲ್ಲು ನೋಡುತ್ತಾ ಕೂತಿದ್ದರೆ ಅವಳು ನಿಮಗೆ ಏನೂ ಅನ್ನುವುದಿಲ್ಲ. ಅಷ್ಟು ಮರ್ಯಾದೆಯವಳು ಎಂದು ನೀವೇ ಬರೆದಿದ್ದೀರಿ. ಅಂಥವಳ ಓದು ನಿಲ್ಲುವುದು ಬೇಡ. "ಹೋಗಿ ಬಾ" ಎನ್ನಿ. ಬಂದ ಮೇಲೆ "ಇವತ್ತು ಏನು ಹೇಳಿದರು?" ಎಂದು ಕೇಳಿ. ನಿಮಗೂ ನಾಲ್ಕು ವಿಷಯ ತಿಳಿಯುತ್ತದೆ.

ನಮಗೂ ಬೇಕಾದ ಐದು ಮಾತು

ಕಾರ್ಖಾನೆಯ ಕರಾರಿರಲಿ, ಮನೆಯ ಕರಾರಿರಲಿ, ನೀತಿ ಒಂದೇ. ಬಾಡಿಗೆ ಮನೆ, ಛತ್ರ, ಮನೆ ಕಟ್ಟುವ ಮೇಸ್ತ್ರಿ, ಬಡಗಿ, ಟ್ಯೂಷನ್ ಎಲ್ಲಕ್ಕೂ ಇವು ಬರುತ್ತವೆ. ಕತ್ತರಿಸಿ ಅಲಮಾರಿನ ಬಾಗಿಲಿಗೆ ಅಂಟಿಸಿಕೊಳ್ಳಿ.

1. ಬಾಯಿಮಾತಿನ ಒಪ್ಪಂದಕ್ಕೂ ಸಾಮಾನ್ಯವಾಗಿ ಕಾಯ್ದೆಯಲ್ಲಿ ಬೆಲೆ ಇದೆ. ಆದರೆ ಆಡಿದ್ದನ್ನು ರುಜುವಾತು ಮಾಡುವುದು ಕಷ್ಟ. ಒಂದು ಹಾಳೆಯಲ್ಲಾದರೂ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

2. "ಬೇಗ", "ಚೆನ್ನಾಗಿ", "ಆಮೇಲೆ ನೋಡೋಣ" ಎಂಬ ಮಾತು ಬೇಡ. ತಾರೀಖು, ಅಳತೆ, ಮೊತ್ತ ಬರೆಸಿ. ಆ ದಿನ ತಪ್ಪಿದರೆ ನಿಮಗೇನು ತೊಂದರೆ ಎಂದೂ ತಿಳಿಸಿ.

3. ಹಣ ಕೆಲಸದ ಹಿಂದೆ ಹಿಂದೆ ಹೋಗಲಿ. ಮೇಸ್ತ್ರಿಗೆ ಪಾಯಕ್ಕೆ ಇಷ್ಟು, ಗೋಡೆಗೆ ಇಷ್ಟು, ಛಾವಣಿಗೆ ಇಷ್ಟು ಎಂದು ಕಂತು ಮಾಡಿ. ಕೊಟ್ಟ ಪ್ರತಿ ಸಲವೂ ರಸೀತಿ ಪಡೆಯಿರಿ.

4. ಮಧ್ಯದಲ್ಲಿ ಏನಾದರೂ ಬದಲಾಯಿಸಿದರೆ, ಕಿಟಕಿ ಒಂದು ಹೆಚ್ಚಾಯಿತು ಎನ್ನಿ, ಅದರ ಹಣ ಎಷ್ಟು, ದಿನ ಎಷ್ಟು ಹೆಚ್ಚುತ್ತದೆ ಎಂದು ಅಂದೇ ಬರೆದುಕೊಳ್ಳಿ. ಜಗಳ ಹುಟ್ಟುವುದೇ ಅಲ್ಲಿ.

5. ಓದದೆ ಸಹಿ ಹಾಕಬೇಡಿ. ಮನೆಯ ಗಂಡಸರು "ಇಲ್ಲಿ ಒಂದು ಸಹಿ ಹಾಕು" ಎಂದು ತಂದಾಗಲೂ ಅಷ್ಟೇ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ತಿಳಿಯದ್ದನ್ನು ಕೇಳಿ. ಕೇಳಿದ್ದಕ್ಕೆ ಕೋಪ ಮಾಡಿಕೊಂಡರೆ ಎರಡು ಸಲ ಓದಿ.

ನಿಮ್ಮಲ್ಲಿ ಅಥವಾ ನಿಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಖರೀದಿ, ಸ್ಟೋರ್ಸ್, ಕರಾರು ವಿಭಾಗದಲ್ಲಿ ಇದ್ದರೆ ನಿಮ್ಮ ಊರಿನಲ್ಲಿ ಇಂಥ ಸಭೆಗಳು ನಡೆಯುತ್ತವೆಯೇ, ಮನೆ ಮತ್ತು ಸಭೆ ಎರಡನ್ನೂ ಹೇಗೆ ಹೊಂದಿಸಿಕೊಂಡಿರಿ ಎಂದು ಬರೆಯಿರಿ. ಚಿಕ್ಕ ಊರಿನವರು ಖಂಡಿತ ಬರೆಯಿರಿ. ಸಭೆಯೇ ಇಲ್ಲದ ಕಡೆ ನಾಲ್ಕು ಜನ ಸೇರಿ ಶುರು ಮಾಡಿದವರಿದ್ದರೆ ಅವರ ಪತ್ರಕ್ಕೆ ಮೊದಲ ಜಾಗ. ಹುಳಿಪುಡಿ, ಹಾಲು ಕುಡಿಯದ ಮಗು, ಮಾತು ಬಿಟ್ಟ ನಾದಿನಿ ಮೂವರಿಗೂ ಮುಂದಿನ ಸಂಚಿಕೆಯಲ್ಲಿ ಉತ್ತರ ಉಂಟು.